ಉಪವಾಸಕ್ಕೆ ಸಾಯುವುದು ಗಡ್ಡೆಯಲ್ಲ

ಕ್ಯಾನ್ಸರ್ ಬಂದವರಿಗೆ ಅನ್ನ ಕೊಡಬೇಡಿ, ಮುದ್ದೆ ಕೊಡಬೇಡಿ, ಬೆಲ್ಲ ಬಾಳೆಹಣ್ಣು ಹತ್ತಿರಕ್ಕೂ ತರಬೇಡಿ, ಸಕ್ಕರೆ ಸಿಗದೆ ಗಡ್ಡೆ ತಾನಾಗಿ ಒಣಗಿಹೋಗುತ್ತದೆ. ಈ ಉಪದೇಶ ಈಗ ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಬಯಾಪ್ಸಿ ವರದಿಗಿಂತ ಮೊದಲೇ ರೋಗಿಯ ಮನೆ ತಲುಪುತ್ತಿದೆ. ಮೊಬೈಲಿನಲ್ಲಿ ಬಿಳಿ ಕೋಟು ತೊಟ್ಟವರು ಹೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನೆಂಟರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಹಿಂದೆ ಇಂಥ ಪಥ್ಯಕ್ಕೆ ನಾಟಿ ಔಷಧದ ಹೆಸರಿರುತ್ತಿತ್ತು. ಈಗಿನದು ವಿಜ್ಞಾನದ ಹೆಸರಿನಲ್ಲಿ ಬರುತ್ತಿದೆ. ಜರ್ಮನಿಯ ವಿಜ್ಞಾನಿ, ನೊಬೆಲ್ ಪ್ರಶಸ್ತಿ, ಜೀವಕೋಶದ ಶಕ್ತಿ, ಚಯಾಪಚಯ ಎಂದೆಲ್ಲ ಕೇಳಿದಾಗ ಓದಿದವರೂ ತಲೆದೂಗುತ್ತಾರೆ. ಈ ನಂಬಿಕೆ ವಿಜ್ಞಾನದ ಲೆಕ್ಕದಲ್ಲಿ ತಪ್ಪು, ನಮ್ಮ ಜಿಲ್ಲೆಯ ರೋಗಿಯ ಮಟ್ಟಿಗೆ ಕ್ರೂರ. ಎರಡನ್ನೂ ಬಿಡಿಸಿ ಹೇಳಬೇಕಾಗಿದೆ.

ಮೊದಲು ರೋಗಿಯ ಮಾತು. ನಮ್ಮ ಕಡೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದವಡೆಗಿಟ್ಟು ಹೊಲಕ್ಕೆ ಹೋಗುವ ಹೆಂಗಸರು, ಗಂಡಸರು ಎಷ್ಟು ಮಂದಿ ಎಂದು ಹಳ್ಳಿ ಕಂಡವರಿಗೆ ಹೇಳಬೇಕಿಲ್ಲ. ಅವರಿಗೆ ಬರುವ ಕ್ಯಾನ್ಸರ್ ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ, ವಸಡಿನ ಮೇಲೆ ಶುರುವಾಗುತ್ತದೆ. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ, ಖಾರ ತಾಗಿದರೆ ಉರಿ, ನುಂಗಿದರೆ ನೋವು. ಆಸ್ಪತ್ರೆಗೆ ಹೋಗುವ ಹೊತ್ತಿಗಾಗಲೇ ಮೈಯ ಮಾಂಸ ಕರಗಿರುತ್ತದೆ. ಆಮೇಲೆ ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಆಪರೇಷನ್, ಅದರ ನಂತರ ಜನ ‘ಕರೆಂಟ್’ ಎನ್ನುವ ವಿಕಿರಣ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ ಆರೇಳು ವಾರ. ಕಿರಣ ಬೀಳುವ ಜಾಗ ಕದಲದಿರಲೆಂದು ರೋಗಿಯ ಮುಖದ ಅಳತೆಗೆ ಸರಿಯಾಗಿ ಒಂದು ಪ್ಲಾಸ್ಟಿಕ್ ಮುಖವಾಡ ಮಾಡುತ್ತಾರೆ. ರೋಗಿ ಊಟ ಬಿಟ್ಟು ಇಳಿದುಹೋದರೆ ಆ ಮುಖವಾಡ ಸಡಿಲವಾಗುತ್ತದೆ. ಮತ್ತೆ ಅಳತೆ, ಮತ್ತೆ ಯೋಜನೆ, ಕೆಲವು ದಿನ ಚಿಕಿತ್ಸೆ ನಿಲುಗಡೆ. ತಲೆ, ಕತ್ತಿನ ಕ್ಯಾನ್ಸರಿನಲ್ಲಿ ಕರೆಂಟ್ ನಡುವೆ ನಿಂತಷ್ಟೂ ಗಡ್ಡೆಗೆ ಲಾಭ. ಇಂಥ ರೋಗಿಯ ಮುಂದಿನಿಂದ ಗಂಜಿಯ ಲೋಟ ಎತ್ತಿಕೊಂಡು ಹೋಗುವುದು ಗಡ್ಡೆಯ ಪರವಾಗಿ ಮಾಡುವ ಕೆಲಸ.

ಉಪದೇಶ ಮಾಡುವವರು ಸಕ್ಕರೆಯ ಬದಲಿಗೆ ಕೊಬ್ಬು ತಿನ್ನಿ ಎನ್ನುತ್ತಾರೆ. ಬೆಣ್ಣೆ, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ, ವಿದೇಶದ ಎಣ್ಣೆ. ಅದಕ್ಕೆ ಕೀಟೋ ಎಂದು ಹೆಸರು. ತೆರಕಣಾಂಬಿಯ, ಬೇಗೂರಿನ, ಹಂಗಳದ ಕೂಲಿ ಮನೆಯಲ್ಲಿ ಅದು ಹೇಗೆ ನಡೆಯುತ್ತದೆ? ಮುದ್ದೆ ಹೋಗುತ್ತದೆ, ಅದರ ಜಾಗಕ್ಕೆ ಬಾದಾಮಿ ಬರುವುದಿಲ್ಲ. ಅನ್ನ ಹೋಗುತ್ತದೆ, ತುಪ್ಪ ಎರಡು ದಿನ ಬಂದು ನಿಲ್ಲುತ್ತದೆ. ನಗರದ ಉಳ್ಳವರಿಗೆ ಪಥ್ಯವಾಗಿ ಹೊರಟದ್ದು ಇಲ್ಲಿಗೆ ಬರುವಾಗ ಬರೀ ಹಸಿವಾಗಿರುತ್ತದೆ. ಬಾಳೆ, ಕಬ್ಬು, ರಾಗಿ ಬೆಳೆದು ಬದುಕುವ ಸೀಮೆಯ ಮನುಷ್ಯನಿಗೆ ನೀನು ಬೆಳೆದದ್ದೇ ನಿನ್ನ ಗಡ್ಡೆಯ ಮೇವು ಎಂದು ಹೇಳಿದಾಗ ಅವನು ಪಡುವ ಭಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ತುತ್ತು ತಿಂದದ್ದಕ್ಕೆ ತಾನೇ ತನ್ನ ಕಾಯಿಲೆ ಬೆಳೆಸಿದೆ ಎಂದು ಅಳುವ ಮುದುಕಿಗೆ ಯಾವ ವಿಜ್ಞಾನದ ಹೆಸರಿನಲ್ಲಿ ಸಮಾಧಾನ ಹೇಳುವುದು?

ಈಗ ಆ ವಿಜ್ಞಾನಕ್ಕೆ ಬರೋಣ. ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಇಲಿಯ ಗಡ್ಡೆಗಳ ತೆಳು ಹೋಳುಗಳನ್ನಿಟ್ಟುಕೊಂಡು ಅವು ಎಷ್ಟು ಗ್ಲೂಕೋಸ್ ಕಬಳಿಸುತ್ತವೆ, ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ ಎಂದು ಅಳೆದರು. ಆರೋಗ್ಯವಂತ ಜೀವಕೋಶ ಆಮ್ಲಜನಕ ಇದ್ದಾಗ ಗ್ಲೂಕೋಸನ್ನು ಪೂರ್ತಿ ಉರಿಸಿ ಒಂದು ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣುಗಳನ್ನು ಪಡೆಯುತ್ತದೆ. ಗಡ್ಡೆಯ ಕೋಶಗಳು ಆಮ್ಲಜನಕ ಬೇಕಾದಷ್ಟಿದ್ದಾಗಲೂ ಗ್ಲೂಕೋಸನ್ನು ಅರ್ಧಕ್ಕೇ ಬಿಟ್ಟು, ಬರೀ 2 ಎಟಿಪಿ ಪಡೆದು, ಉಳಿದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತಿದ್ದವು. ಇದು ದೊಡ್ಡ ಶೋಧನೆ, ಇಂದಿಗೂ ನಿಂತಿದೆ. ಆದರೆ 1931ರಲ್ಲಿ ವಾರ್ಬರ್ಗರಿಗೆ ನೊಬೆಲ್ ಬಂದದ್ದು ಇದಕ್ಕಲ್ಲ, ಉಸಿರಾಟದ ಕಿಣ್ವದ ಸ್ವರೂಪವನ್ನು ಕಂಡುಹಿಡಿದದ್ದಕ್ಕೆ. ವಿಡಿಯೋಗಳಲ್ಲಿ ಪ್ರಶಸ್ತಿಯನ್ನು ತಂದು ಗಡ್ಡೆಗೆ ಅಂಟಿಸುತ್ತಾರೆ.

ಅದಕ್ಕಿಂತ ದೊಡ್ಡ ಮರೆಮಾಚುವಿಕೆ ಇನ್ನೊಂದಿದೆ. ಕೋಶದ ಉಸಿರಾಟದ ಯಂತ್ರ ಕೆಟ್ಟದ್ದೇ ಕ್ಯಾನ್ಸರಿನ ಮೂಲ ಎಂದು ವಾರ್ಬರ್ಗ್ ಕಾರಣ ಕೊಟ್ಟರು, 1956ರಲ್ಲೂ ಅದನ್ನೇ ಬರೆದರು. ಆ ಕಾರಣ ನಿಲ್ಲಲಿಲ್ಲ. ಬಹುಪಾಲು ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ, ಅಂದರೆ ಆ ಉಸಿರಾಟದ ಯಂತ್ರ, ಕೆಲಸ ಮಾಡುತ್ತಲೇ ಇರುತ್ತದೆ. ಗ್ಲೂಕೋಸ್ ಸಿಗದಿದ್ದರೆ ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನು ಉರಿಸುತ್ತದೆ, ಕೊಬ್ಬನ್ನು ಉರಿಸುತ್ತದೆ, ಅಕ್ಕಪಕ್ಕದ ಕೋಶಗಳು ಬಿಸಾಡಿದ ಲ್ಯಾಕ್ಟಿಕ್ ಆಮ್ಲವನ್ನೂ ಬಿಡುವುದಿಲ್ಲ. ಹಾಗಾದರೆ ಅಷ್ಟೊಂದು ಗ್ಲೂಕೋಸ್ ಯಾಕೆ ಬೇಕು? ಎರಡಾಗಿ ಒಡೆದು ಬೆಳೆಯುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು; ಹೊಸ ಡಿಎನ್‌ಎಗೆ, ಹೊಸ ಪೊರೆಗೆ, ಹೊಸ ಪ್ರೋಟೀನಿಗೆ ಸಾಮಗ್ರಿ ಬೇಕು. ಅರ್ಧ ಒಡೆದ ಗ್ಲೂಕೋಸಿನಿಂದ ಆ ಸಾಮಗ್ರಿ ಸಿಗುತ್ತದೆ. ಒಂದು ಬಾಗಿಲು ಮುಚ್ಚಿದರೆ ಮೂರು ಬಾಗಿಲು ತೆರೆಯಬಲ್ಲ ಶತ್ರುವಿಗೆ ಸಕ್ಕರೆ ಡಬ್ಬದ ಮುಚ್ಚಳ ಹಾಕಿ ಗೆದ್ದೆವೆಂದು ನಂಬುವುದು ಹೇಗೆ?

ಇನ್ನು ದೇಹದ ಕಡೆ ನೋಡಿ. ಊಟದಲ್ಲಿ ಒಂದು ಚಿಟಿಕೆ ಸಕ್ಕರೆ ಇಲ್ಲದಿದ್ದರೂ ರಕ್ತದ ಗ್ಲೂಕೋಸ್ ಸೊನ್ನೆಗೆ ಇಳಿಯುವುದಿಲ್ಲ. ಪಿತ್ತಜನಕಾಂಗ ತನ್ನಲ್ಲಿರುವ ದಾಸ್ತಾನು ಬಿಡುತ್ತದೆ. ಅದು ಮುಗಿದ ಮೇಲೆ ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಗ್ಲೂಕೋಸ್ ತಯಾರಿಸುತ್ತದೆ. ಹಾಗೆ ಮಾಡಲೇಬೇಕು, ಏಕೆಂದರೆ ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯಾ ಇಲ್ಲ, ಗ್ಲೂಕೋಸ್ ಬಿಟ್ಟು ಅವಕ್ಕೆ ಗತಿಯಿಲ್ಲ. ಮಿದುಳಿಗೂ ಅದು ಬೇಕು. ಅಂದರೆ ರೋಗಿಯ ತಟ್ಟೆ ಖಾಲಿಯಾದಾಗ ಗಡ್ಡೆ ರಕ್ತದಿಂದಲೇ ತಿನ್ನುತ್ತಿರುತ್ತದೆ, ಆ ರಕ್ತಕ್ಕೆ ಗ್ಲೂಕೋಸ್ ಬರುವುದು ರೋಗಿಯ ತೊಡೆಯ, ತೋಳಿನ ಮಾಂಸದಿಂದ. ಕ್ಯಾನ್ಸರಿನಲ್ಲಿ ಮೈ ಸವೆದುಹೋಗುವ ಸ್ಥಿತಿಯೇ ಎಷ್ಟೋ ಜನರ ಪ್ರಾಣ ತೆಗೆಯುತ್ತದೆ. ಇಲಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಟೋ ಆಹಾರ ಗಡ್ಡೆಯ ಬೆಳವಣಿಗೆಯನ್ನು ನಿಧಾನ ಮಾಡಿತು, ಆದರೆ ಮೈ ಸವೆತವನ್ನು ಬೇಗ ತಂದಿತು. ಗಡ್ಡೆ ಚಿಕ್ಕದಾಗಿದ್ದರೂ ಇಲಿಗಳು ಬೇಗ ಸತ್ತವು. ಆ ಫಲಿತಾಂಶದ ಮೊದಲರ್ಧವನ್ನು ಮಾತ್ರ ಹೇಳಿ ನಿಲ್ಲಿಸುವವರನ್ನು ನಾನು ಕ್ಷಮಿಸಲಾರೆ.

ಪೆಟ್ ಸ್ಕ್ಯಾನ್ ನೋಡಿ, ಗಡ್ಡೆ ಸಕ್ಕರೆ ತಿನ್ನುವುದು ಅಲ್ಲೇ ಹೊಳೆಯುತ್ತದಲ್ಲ ಎಂಬುದು ಅವರ ಅಚ್ಚುಮೆಚ್ಚಿನ ಸಾಕ್ಷಿ. ವಿಕಿರಣ ಸೂಸುವ ಗ್ಲೂಕೋಸಿನಂಥ ವಸ್ತುವನ್ನು ಚುಚ್ಚಿ ಅದು ಸೇರುವ ಜಾಗವನ್ನು ಹುಡುಕುವುದು ನಿಜ. ಆದರೆ ಅದೇ ಚಿತ್ರದಲ್ಲಿ ಮಿದುಳೂ ಹೊಳೆಯುತ್ತದೆ, ಹೃದಯವೂ ಎಷ್ಟೋ ಸಲ ಹೊಳೆಯುತ್ತದೆ, ಮೂತ್ರಕೋಶವೂ ಹೊಳೆಯುತ್ತದೆ. ಪ್ರಾಸ್ಟೇಟಿನ ಅನೇಕ ಕ್ಯಾನ್ಸರುಗಳು ಸರಿಯಾಗಿ ಹೊಳೆಯುವುದೇ ಇಲ್ಲ. ಮುಖ್ಯವಾದದ್ದು, ಆ ಸ್ಕ್ಯಾನಿಗೆ ಬರುವವರು ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿರಬೇಕು. ಹೊಟ್ಟೆ ಖಾಲಿ ಇದ್ದಾಗಲೂ ಗಡ್ಡೆ ಗ್ಲೂಕೋಸ್ ಎಳೆಯುತ್ತದೆ ಎಂಬುದಕ್ಕೆ ಅದೇ ಪುರಾವೆ.

ಇದು ಬರೀ ತರ್ಕದ ಜಗಳವಾಗಿದ್ದರೆ ಬಿಡಬಹುದಿತ್ತು. ಮನುಷ್ಯರ ಮೇಲೆ ಪರೀಕ್ಷೆಗಳೂ ನಡೆದಿವೆ. ನಮ್ಮ ಹಳ್ಳಿಗಳಲ್ಲಿ ಶುಗರ್ ಮಾತ್ರೆ ಎಂದೇ ಹೆಸರಾದ ಮೆಟ್‌ಫಾರ್ಮಿನ್ ಕೋಶದ ಶಕ್ತಿಯ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ, ಅದು ಕ್ಯಾನ್ಸರನ್ನೂ ತಡೆಯಬಹುದೆಂಬ ಆಸೆ ಬಹಳ ಇತ್ತು. ಕೆನಡಾದವರು ಮುಂದಾಳಾಗಿ ನಡೆಸಿದ ಪರೀಕ್ಷೆಯಲ್ಲಿ ಸ್ತನ ಕ್ಯಾನ್ಸರಿನ 3,649 ರೋಗಿಗಳು ಭಾಗವಹಿಸಿದರು. 2022ರಲ್ಲಿ ಫಲಿತಾಂಶ ಬಂತು: ಕಾಯಿಲೆ ಮರುಕಳಿಸುವುದನ್ನು ತಡೆಯುವುದರಲ್ಲಿ ಪ್ರಯೋಜನ ಕಾಣಲಿಲ್ಲ. ಜರ್ಮನಿಯಲ್ಲಿ ಮರುಕಳಿಸಿದ ಮಿದುಳಿನ ಗಡ್ಡೆಯ 50 ರೋಗಿಗಳಿಗೆ ಎರಡನೆಯ ಸಲ ವಿಕಿರಣ ಕೊಡುವಾಗ ಕೆಲವರಿಗೆ ಕೀಟೋ ಆಹಾರ ಮತ್ತು ಉಪವಾಸ, ಉಳಿದವರಿಗೆ ಮಾಮೂಲು ಊಟ ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾಯಿತು, ಗಡ್ಡೆ ಮತ್ತೆ ಬೆಳೆಯುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಗ್ಲುಟಮಿನ್ ದಾರಿ ಕಟ್ಟುವ ಒಂದು ಔಷಧ ಮೂತ್ರಪಿಂಡದ ಕ್ಯಾನ್ಸರಿನಲ್ಲಿ, ಮೈಟೊಕಾಂಡ್ರಿಯಾಕ್ಕೆ ಗುರಿಯಿಟ್ಟ ಇನ್ನೊಂದು ಮೇದೋಜೀರಕದ ಕ್ಯಾನ್ಸರಿನಲ್ಲಿ ದೊಡ್ಡ ಪರೀಕ್ಷೆ ದಾಟಲಿಲ್ಲ.

ಇಂಥ ಚಿಕಿತ್ಸೆಯಲ್ಲಿ ಔಷಧ ಕಂಪನಿಗಳಿಗೆ ಲಾಭವಿಲ್ಲ, ಅದಕ್ಕೇ ಮುಚ್ಚಿಡುತ್ತಾರೆ ಎನ್ನುವವರು ಮೆಟ್‌ಫಾರ್ಮಿನ್ ಎಷ್ಟು ಅಗ್ಗ ಎಂದು ಗುಂಡ್ಲುಪೇಟೆಯ ಯಾವ ಔಷಧಿ ಅಂಗಡಿಯಲ್ಲಾದರೂ ಕೇಳಲಿ. ಪೇಟೆಂಟ್ ಇಲ್ಲದ ಅಂಥ ಮಾತ್ರೆಯ ಮೇಲೆ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಮುಚ್ಚಿಡುವವರು ಹೀಗೆ ಮಾಡುವುದಿಲ್ಲ.

ಇದೇ ದಾರಿಯಲ್ಲಿ ನಮ್ಮವರೂ ನಡೆದಿದ್ದಾರೆ, ಅದನ್ನು ಕನ್ನಡಿಗರು ತಿಳಿದಿರಬೇಕು. 2-ಡಿಯಾಕ್ಸಿ-ಡಿ-ಗ್ಲೂಕೋಸ್, ಚಿಕ್ಕದಾಗಿ 2-ಡಿಜಿ, ಗ್ಲೂಕೋಸಿನಂತೆಯೇ ಕಾಣುವ ವಸ್ತು. ಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಅರಗಿಸಲಾರದೆ ಸಿಕ್ಕಿಬೀಳುತ್ತದೆ. ವಿಕಿರಣದ ಏಟು ತಿಂದ ಗಡ್ಡೆಯ ಕೋಶ ತನ್ನ ಗಾಯ ರಿಪೇರಿ ಮಾಡಿಕೊಳ್ಳಲು ಶಕ್ತಿ ಸಿಗದಂತೆ ಮಾಡುವುದು ಉದ್ದೇಶ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿಯ ವೈದ್ಯರೂ ಸೇರಿದ್ದ ತಂಡ ಮಿದುಳಿನ ಗಡ್ಡೆಯ 20 ರೋಗಿಗಳಿಗೆ ಮೈತೂಕದ ಪ್ರತಿ ಕಿಲೋಗೆ 200 ಮಿಲಿಗ್ರಾಂನಂತೆ ಇದನ್ನು ಕುಡಿಸಿ, ವಾರಕ್ಕೊಮ್ಮೆ ವಿಕಿರಣ ಕೊಟ್ಟ ಪ್ರಯೋಗ 1996ರಲ್ಲಿ ಪ್ರಕಟವಾಯಿತು. ರೋಗಿಗಳು ತಾಳಿಕೊಂಡರು. ಮುಂದೆ ದೆಹಲಿಯಲ್ಲಿ ಪ್ರಮಾಣ ಏರಿಸುತ್ತ 300 ಮಿಲಿಗ್ರಾಂಗೆ ಹೋದಾಗ ಆರರಲ್ಲಿ ಇಬ್ಬರು ಚಡಪಡಿಕೆ ತಾಳಲಾರದೆ ಚಿಕಿತ್ಸೆ ಪೂರ್ಣಗೊಳಿಸಲಿಲ್ಲ. ಮಿದುಳಿಗೂ ಗ್ಲೂಕೋಸ್ ಬೇಕಲ್ಲ. ಈ ವೈದ್ಯರು ಪ್ರಾಮಾಣಿಕರಾಗಿ ಕೆಲಸ ಮಾಡಿದರು, ಅವರ ಮೇಲೆ ನನಗೆ ಗೌರವವಿದೆ. 2-ಡಿಜಿಯನ್ನು ಅವರು ವಿಕಿರಣದ ಜೊತೆಗೆ ಕೊಟ್ಟರು. ವಿಕಿರಣ ಬಿಡಿ, ಇದನ್ನು ಕುಡಿಯಿರಿ ಎಂದು ಯಾರೂ ಹೇಳಲಿಲ್ಲ.

ಅದೇ 2-ಡಿಜಿ 2021ರಲ್ಲಿ ಮನೆಮಾತಾಯಿತು. ಆ ವರ್ಷದ ಮೇ 2ರಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತರು. ಇನ್ನೂ ಚಿತೆಗಳು ಆರುವ ಮುನ್ನ, ಮೇ 8ರಂದು, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ 2-ಡಿಜಿ ಪುಡಿ ಕೋವಿಡ್ಡಿಗೆ ತುರ್ತು ಅನುಮತಿ ಪಡೆದಿದೆ ಎಂಬ ಪ್ರಕಟಣೆ ಬಂತು. ನೀರಿನಲ್ಲಿ ಕದಡಿ ಕುಡಿದರೆ ಆಮ್ಲಜನಕವೇ ಬೇಡ ಎಂಬಂತೆ ಸುದ್ದಿ ಹರಡಿತು. ಪ್ರಕಟಣೆಯಲ್ಲಿ ಇದ್ದದ್ದು ಬೇರೆ: ಮಾಮೂಲು ಚಿಕಿತ್ಸೆಯ ಜೊತೆಗೆ ಕೊಡಬಹುದಾದ ಪೂರಕ. ‘ಜೊತೆಗೆ’ ಎಂಬುದನ್ನು ಕಿತ್ತು ಹಾಕಿ ಊರಿಗೆ ಸಾರುವುದು ಆಗಲೂ ನಡೆಯಿತು, ಕ್ಯಾನ್ಸರಿನ ವಿಷಯದಲ್ಲಿ ಈಗಲೂ ನಡೆಯುತ್ತಿದೆ. ಆಮ್ಲಜನಕದ ಸಿಲಿಂಡರ್ ಸಮಯಕ್ಕೆ ಬಾರದೆ ಮನೆಯವರನ್ನು ಕಳೆದುಕೊಂಡ ಜಿಲ್ಲೆಯಾದರೂ ‘ಬದಲಿಗೆ’ ಎನ್ನುವವರ ಮಾತನ್ನು ಎರಡು ಸಲ ಯೋಚಿಸಿ ಕೇಳಬೇಕು.

ಹಾಗಾದರೆ ಗಡ್ಡೆಯ ಚಯಾಪಚಯಕ್ಕೆ, ಅಂದರೆ ಅದು ಆಹಾರವನ್ನು ಶಕ್ತಿಯಾಗಿ, ಸಾಮಗ್ರಿಯಾಗಿ ಬಳಸುವ ಬಗೆಗೆ, ಗುರಿಯಿಡುವ ಚಿಕಿತ್ಸೆಯೇ ಸುಳ್ಳೇ? ಖಂಡಿತ ಅಲ್ಲ, ನನ್ನ ಮುಖ್ಯ ಆಕ್ಷೇಪ ಇರುವುದೇ ಇಲ್ಲಿ. ಜನರಿಗೆ ಕೀಮೋ ಬೇಡ, ಚಯಾಪಚಯದ ಚಿಕಿತ್ಸೆ ಸಾಕು ಎಂದು ಹೇಳುತ್ತಾರಲ್ಲ, ಕೀಮೋದ ಔಷಧಿಗಳಲ್ಲಿ ಹಳೆಯವು, ಅಗ್ಗದವು, ಕೆಲಸ ಮಾಡಿ ತೋರಿಸಿದವು ಹಲವು ಚಯಾಪಚಯದ ಔಷಧಿಗಳೇ. 1947ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲ ಕೊಟ್ಟಾಗ ಕಾಯಿಲೆ ಇನ್ನೂ ಜೋರಾದದ್ದನ್ನು ಗಮನಿಸಿದರು. ಹಾಗಾದರೆ ಫೋಲಿಕ್ ಆಮ್ಲದ ದಾರಿ ಕಟ್ಟಿದರೆ? ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿದ್ದ, ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಂಥ ವಸ್ತುಗಳನ್ನು ತಯಾರಿಸಿಕೊಟ್ಟಿತು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಕ್ಕಳ ಕಾಯಿಲೆ ಸ್ವಲ್ಪ ಕಾಲ ಹಿಂದೆ ಸರಿದಿತ್ತು. ಆ ವಂಶದ ಔಷಧಿಯೇ ಮೆಥೊಟ್ರೆಕ್ಸೇಟ್. ಗಡ್ಡೆಗಳು ಯುರಾಸಿಲ್ ಎಂಬ ವಸ್ತುವನ್ನು ಹೆಚ್ಚು ಎಳೆದುಕೊಳ್ಳುತ್ತವೆ ಎಂದು ಕಂಡು 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮಾಡಿದ್ದು 5-ಫ್ಲೂರೊಯುರಾಸಿಲ್. ಹೊಟ್ಟೆ, ಕರುಳಿನ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ.

ನಿಜವಾಗಿ ಹಸಿವಿನಿಂದ ಸಾಯುವ ಕ್ಯಾನ್ಸರ್ ನೋಡಬೇಕೆಂದರೆ ಮಕ್ಕಳ ರಕ್ತದ ಕ್ಯಾನ್ಸರ್ ನೋಡಿ. ಆ ಕೋಶಗಳಲ್ಲಿ ಬಹುಪಾಲಿಗೆ ಆಸ್ಪರಜೀನ್ ಎಂಬ ಅಮೈನೊ ಆಮ್ಲವನ್ನು ಬೇಕಾದಷ್ಟು ತಾವೇ ಮಾಡಿಕೊಳ್ಳಲು ಬರುವುದಿಲ್ಲ, ರಕ್ತದಿಂದ ಪಡೆಯಬೇಕು. ಆಸ್ಪರಜಿನೇಸ್ ಎಂಬ ಕಿಣ್ವವನ್ನು ಚುಚ್ಚಿ ರಕ್ತದಲ್ಲಿರುವುದನ್ನೆಲ್ಲ ಒಡೆದುಹಾಕುತ್ತಾರೆ. ಮಗುವಿನ ಉಳಿದ ಕೋಶಗಳು ತಮಗೆ ಬೇಕಾದದ್ದನ್ನು ತಯಾರಿಸಿಕೊಂಡು ಬದುಕುತ್ತವೆ, ಕ್ಯಾನ್ಸರಿನ ಕೋಶ ಸಾಯುತ್ತದೆ. ದೇಹಕ್ಕಿಲ್ಲದ, ಗಡ್ಡೆಗೆ ಮಾತ್ರ ಇರುವ ದೌರ್ಬಲ್ಯ ಸಿಕ್ಕಿದಾಗ ಮಾತ್ರ ಉಪವಾಸ ಹಾಕುವುದು ಔಷಧವಾಗುತ್ತದೆ. ಗ್ಲೂಕೋಸಿನಲ್ಲಿ ಆ ವ್ಯತ್ಯಾಸವಿಲ್ಲ. ಅದು ಎಲ್ಲ ಕೋಶಕ್ಕೂ ಬೇಕು. ಹೊಸ ಔಷಧಿಗಳೂ ಇದನ್ನೇ ಹೇಳುತ್ತವೆ. ಐಡಿಎಚ್ ಎಂಬ ಕಿಣ್ವ ವಿಕೃತಗೊಂಡ ಮಿದುಳಿನ ಗಡ್ಡೆಗೆ ವೊರಾಸಿಡೆನಿಬ್ ಎಂಬ ಮಾತ್ರೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಗಡ್ಡೆ ಮುಂದುವರಿಯದೆ ನಿಂತ ಅವಧಿ ಮಾತ್ರೆ ಪಡೆದವರಲ್ಲಿ ಸುಮಾರು 28 ತಿಂಗಳು, ಪಡೆಯದವರಲ್ಲಿ 11. ಆ ವಿಕೃತಿ ಇಲ್ಲದ ಗಡ್ಡೆಗೆ ಅದು ಕೊಡುವಂಥದ್ದಲ್ಲ.

ನಮ್ಮ ಜಿಲ್ಲೆಯ ಬಾಯಿ ಕ್ಯಾನ್ಸರಿಗೆ ಹತ್ತಿರದ ಉದಾಹರಣೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯದು. ಗುಣವಾಗುವ ಹಂತ ದಾಟಿದ ತಲೆ, ಕತ್ತಿನ ಕ್ಯಾನ್ಸರಿನ 422 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಡ್ರಿಪ್, ಉಳಿದವರಿಗೆ ಮನೆಯಲ್ಲೇ ನುಂಗಬಹುದಾದ ಎರಡು ಅಗ್ಗದ ಮಾತ್ರೆ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ. ಮಾತ್ರೆಯವರ ಮಧ್ಯಮ ಆಯುಷ್ಯ 7.5 ತಿಂಗಳು, ಡ್ರಿಪ್ಪಿನವರದು 6.1. ಚಿಕ್ಕ ವ್ಯತ್ಯಾಸವೆಂದು ತಳ್ಳಿಹಾಕಬೇಡಿ. ದೂರದ ಆಸ್ಪತ್ರೆಗೆ ಮತ್ತೆ ಮತ್ತೆ ಅಲೆಯಲಾಗದವನಿಗೆ, ಅಡ್ಡ ಪರಿಣಾಮ ಕಡಿಮೆಯಿರುವ, ಕೈಗೆಟಕುವ ಚಿಕಿತ್ಸೆ ಅದು. 2020ರಲ್ಲಿ ಪ್ರಕಟವಾದ ಈ ಕೆಲಸ ನಮ್ಮ ದೇಶದ ಬಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದರಲ್ಲಿರುವ ಮೆಥೊಟ್ರೆಕ್ಸೇಟ್ ಗಡ್ಡೆಯ ಚಯಾಪಚಯಕ್ಕೇ ಹೊಡೆಯುತ್ತದೆ. ಚಯಾಪಚಯದ ಹೆಸರು ಹೇಳಿ ಅದನ್ನೇ ಕೀಮೋ ಎಂದು ಬಿಡಿಸುವುದು ಎಂಥ ಅನ್ಯಾಯ!

ಎದುರಿನವರ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. ಅತಿ ಬೊಜ್ಜು ಕೆಲವು ಕ್ಯಾನ್ಸರುಗಳ ಅಪಾಯ ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆ ಇರುವ ರೋಗಿ ಚಿಕಿತ್ಸೆಯ ಕಾಲದಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲೇಬೇಕು, ಇಲ್ಲದಿದ್ದರೆ ಸೋಂಕು ತಗಲುತ್ತದೆ, ಗಾಯ ಮಾಯುವುದಿಲ್ಲ. ತಂಪು ಪಾನೀಯ, ಬೇಕರಿ ತಿಂಡಿ ಯಾರಿಗೂ ಒಳ್ಳೆಯದಲ್ಲ. ಆದರೆ ಇವು ಕಾಯಿಲೆ ಬಾರದಿರಲೆಂದು, ಅಥವಾ ಇನ್ನೊಂದು ಕಾಯಿಲೆಗಾಗಿ ಹೇಳುವ ಮಾತು. ದವಡೆಯಲ್ಲಿ ಹುಣ್ಣಾಗಿ 40 ಕಿಲೋಗೆ ಇಳಿದ ಹೆಂಗಸಿಗೆ ಹೇಳುವುದಲ್ಲ. ಬಿಡಿಸಬೇಕಾದದ್ದು ಕಡ್ಡಿಪುಡಿಯನ್ನು, ಬಿಡಿಸುತ್ತಿರುವುದು ರಾಗಿ ಗಂಜಿಯನ್ನು.

ವೈದ್ಯರ ತಪ್ಪೂ ಇದೆ, ಅದನ್ನು ಹೇಳದೆ ಮುಗಿಸಲಾಗದು. “ಡಾಕ್ಟ್ರು ಏನ ಬೇಕಾದ್ರೂ ತಿನ್ಸಿ ಅಂದ್ರು, ಫೋನಲ್ಲಿ ಏನೂ ತಿನ್ನುಸ್ಬ್ಯಾಡಿ ಅಂತಾರ, ನಾವು ಯಾರ ಮಾತ ಕೇಳವು?” ಎಂದು ಕೇಳುವ ಸೊಸೆಯರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೊಡುತ್ತಿಲ್ಲ. ಗಂಟೆಗಟ್ಟಲೆ ಕಾದು ಒಳಗೆ ಹೋದವರಿಗೆ ಊಟದ ಬಗ್ಗೆ ಸಿಗುವುದು ಆ ಒಂದೇ ವಾಕ್ಯ. ಫೋನಿನ ಮನುಷ್ಯ ಅರ್ಧ ಗಂಟೆ ಮಾತಾಡುತ್ತಾನೆ, ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ಬಿಡಿಸಿ ಹೇಳುತ್ತಾನೆ. ಜನ ಅವನನ್ನು ನಂಬಿದರೆ ಜನರನ್ನು ಬಯ್ಯುವ ಹಕ್ಕು ನಮಗಿಲ್ಲ. ಕರೆಂಟ್ ಮುಗಿಸಿ ಸಂಜೆಯ ಬಸ್ಸಿಗೆ ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಹಿಂದಿರುಗುವ ಪ್ರತಿಯೊಬ್ಬರ ಕೈಯಲ್ಲೂ ಕನ್ನಡದಲ್ಲಿ ಬರೆದ ಊಟದ ಚೀಟಿ ಇರಬೇಕು, ಅದನ್ನು ಕೂತು ವಿವರಿಸುವವರು ಆಸ್ಪತ್ರೆಯಲ್ಲಿರಬೇಕು, ಊರಿನ ಆಶಾ ಕಾರ್ಯಕರ್ತೆಗೂ ಅದರ ಪ್ರತಿ ಸಿಗಬೇಕು.

ಆ ಚೀಟಿಯಲ್ಲಿ ಏನಿರಬೇಕೆಂಬುದು ಗುಟ್ಟಿನ ವಿಷಯವಲ್ಲ. ಮುದ್ದೆ ನುಂಗಲಾಗದಿದ್ದರೆ ಹಾಲು ಬೆರೆಸಿದ ರಾಗಿ ಅಂಬಲಿ, ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆಯ ಕಟ್ಟು, ಕಿವುಚಿದ ಮೊಟ್ಟೆ, ಕಡಲೆಕಾಯಿ ಪುಡಿ, ಬಾಳೆಹಣ್ಣು. ಖಾರ ಹುಳಿ ಬೇಡ. ಮೂರು ಹೊತ್ತಿನ ಬದಲು ಆರು ಹೊತ್ತು, ಸ್ವಲ್ಪ ಸ್ವಲ್ಪ. ಸಕ್ಕರೆ ಕಾಯಿಲೆ ಇದ್ದರೆ ಊಟ ಕಡಿಮೆ ಮಾಡಬೇಡಿ, ಮಾತ್ರೆ ಇನ್ಸುಲಿನ್ ಸರಿಮಾಡಿಸಿಕೊಳ್ಳಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಇಳಿಯುತ್ತಿದ್ದರೆ ಮುಂದಿನ ಸರದಿಗೆ ಕಾಯದೆ ತಿಳಿಸಿ. ಏನೂ ಇಳಿಯದಿದ್ದರೆ ವೈದ್ಯರು ಮೂಗಿನಲ್ಲಿ ನಳಿಗೆ ಹಾಕಬೇಕು ಎನ್ನಬಹುದು. ಅದು ಸಾವಿನ ಮುನ್ಸೂಚನೆ ಎಂದು ಹೆದರಿ ಬೇಡವೆನ್ನುವ ಮನೆಗಳೇ ಹೆಚ್ಚು. ಬಹಳ ಮಂದಿಗೆ ಚಿಕಿತ್ಸೆ ಮುಗಿದು ಬಾಯಿ ಮಾಗುವವರೆಗೆ ಮಾತ್ರ ಆ ನಳಿಗೆ ಇರುತ್ತದೆ, ಆಮೇಲೆ ತೆಗೆಯುತ್ತಾರೆ.